ದೀಪದ ಬಣ್ಣ, ದೇಹದ ನೆಮ್ಮದಿ

(ಕಲ್ಯಾಣದುರ್ಗದಲ್ಲಿ ದೇವಸ್ಥಾನದ ಉತ್ಸವದ ಅಂಗವಾಗಿ ನಡೆದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉತ್ಸವವೆಂದರೆ ಬೆಳಕು. ಬೆಳಕಿಲ್ಲದ ತೇರಿಲ್ಲ, ದೀಪವಿಲ್ಲದ ಪೂಜೆಯಿಲ್ಲ. ಹಿಂದೆ ಪಂಜು ಮತ್ತು ಎಣ್ಣೆದೀಪ ಇದ್ದವು. ಆಮೇಲೆ ಪೆಟ್ರೋಮ್ಯಾಕ್ಸ್ ಬಂತು, ಟ್ಯೂಬ್‌ಲೈಟ್ ಬಂತು, ಸೀರಿಯಲ್ ಸೆಟ್ ಬಂತು. ಈಗ ಎಲ್‌ಇಡಿ ಕಾಲ. ಈ ಸಲ ಉತ್ಸವ ಸಮಿತಿಯ ಮುಂದೆ ಎರಡು ಬೇಡಿಕೆಗಳಿವೆ. ಮೆರವಣಿಗೆಗೆ ಮಿನುಗುವ ಬಣ್ಣದ ಲೈಟು, ಲೇಸರ್ ಲೈಟು ತರಿಸಬೇಕು, ಗುಡಿಯ ಬೀದಿಯುದ್ದಕ್ಕೂ ನೀಲಿ-ಬಿಳಿ ದೀಪಗಳು ಬೆಳಗಿನವರೆಗೆ ಉರಿಯಬೇಕು ಎಂಬುದು ಯುವಕರ ಆಸೆ. ಇದೆಲ್ಲ ಬೇಡ, ಹಳೆಯ ಎಣ್ಣೆದೀಪವೇ ಸಾಕು ಎಂಬುದು ಕೆಲವು ಹಿರಿಯರ ಮಾತು. ಎರಡು ಕಡೆಯವರದೂ ಭಕ್ತಿಯೇ. ಹಾಗಾಗಿ ಜಗಳಕ್ಕೆ ಮೊದಲು ಒಂದು ವಿಷಯ ತಿಳಿಯುವುದು ಒಳ್ಳೆಯದು: ಬಣ್ಣದ ಬೆಳಕು ಮನುಷ್ಯನ ದೇಹಕ್ಕೆ, ಬುದ್ಧಿಗೆ ಏನು ಮಾಡುತ್ತದೆ? ಅದು ಬರೀ ಕಣ್ಣಿನ ಸಂತೋಷವೇ, ಅಥವಾ ಒಳಗೂ ಕೆಲಸ ಮಾಡುತ್ತದೆಯೇ?

ಮೊದಲು ಪಕ್ಕದ ಲೇಪಾಕ್ಷಿಗೇ ಹೋಗೋಣ. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರ. ವಿಜಯನಗರದ ಕಾಲದಲ್ಲಿ, 16ನೇ ಶತಮಾನದಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ವೀರಭದ್ರ ದೇವಾಲಯ ಅಲ್ಲಿದೆ. ಖಜಾನೆಯ ಹಣ ಗುಡಿಗೆ ಖರ್ಚಾಯಿತೆಂಬ ಆರೋಪ ಬಂದಾಗ ವಿರೂಪಣ್ಣ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನೆಂದು ಐತಿಹ್ಯ. ಗೋಡೆಯ ಮೇಲಿನ ಎರಡು ಕೆಂಪು ಗುರುತುಗಳನ್ನು ಜನ ಇಂದಿಗೂ ತೋರಿಸುತ್ತಾರೆ. ಕಥೆಯ ಮಾತು ಹಾಗಿರಲಿ. ಅಲ್ಲಿ ತಲೆ ಎತ್ತಿ ನೋಡಿದರೆ ಛಾವಣಿಯ ತುಂಬ ಚಿತ್ರಗಳು. ವೀರಭದ್ರಸ್ವಾಮಿಯ ಚಿತ್ರವೊಂದೇ ಸುಮಾರು 24 ಅಡಿ ಉದ್ದ, 14 ಅಡಿ ಅಗಲ. ಎದ್ದು ಕಾಣುವ ಬಣ್ಣಗಳು ಕಾವಿಕೆಂಪು, ಹಳದಿ, ಹಸಿರು, ಕಪ್ಪು, ಸುಣ್ಣದ ಬಿಳುಪು. ಎಣ್ಣೆದೀಪದ ಬೆಳಕಿನಲ್ಲಿ ಕೆಂಪು-ಹಳದಿ ಕಿರಣಗಳೇ ಹೆಚ್ಚು, ನೀಲಿ ಬಹಳ ಕಡಿಮೆ. ಆದ್ದರಿಂದ ಆ ಬೆಳಕಿನಲ್ಲಿ ಕಾವಿ, ಹಳದಿ ಬಣ್ಣಗಳು ಜೀವ ಬಂದಂತೆ ಹೊಳೆಯುತ್ತವೆ. ಅದೇ ಚಿತ್ರದ ಮೇಲೆ ನೀಲಿ ಲೈಟು ಬಿಟ್ಟರೆ ಕೆಂಪೆಲ್ಲ ಕಪ್ಪಾಗಿ ಕಾಣುತ್ತದೆ. ಜವಳಿ ಅಂಗಡಿಗೆ ಬರುವ ಹೆಣ್ಣುಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಟ್ಯೂಬ್‌ಲೈಟಿನ ಕೆಳಗೆ ಸೀರೆಯ ಬಣ್ಣ ನಂಬದೆ, ಬಾಗಿಲ ಹೊರಗೆ ಬಿಸಿಲಿಗೆ ಹಿಡಿದು ನೋಡಿಯೇ ದುಡ್ಡು ಕೊಡುತ್ತಾರೆ. ಬಣ್ಣವೆಂಬುದು ಬಟ್ಟೆಯಲ್ಲಿ ಮಾತ್ರವಿಲ್ಲ, ಬೆಳಕಿನಲ್ಲಿಯೂ ಇದೆ, ನೋಡುವ ಕಣ್ಣಿನಲ್ಲಿಯೂ ಇದೆ.

ಬಣ್ಣದ ಹಿಂದೆ ಬಿದ್ದ ದೊಡ್ಡವರೊಬ್ಬರು ಬೆಂಗಳೂರಿನಲ್ಲಿಯೇ ಇದ್ದರು. ಅವರು ಸರ್ ಸಿ.ವಿ. ರಾಮನ್. 1930ರಲ್ಲಿ ನೊಬೆಲ್ ಬಹುಮಾನ ಬಂತು, 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು, 1948ರಲ್ಲಿ ತಮ್ಮದೇ ಸಂಶೋಧನಾಲಯ ಆರಂಭಿಸಿದರು. ಎಪ್ಪತ್ತು ದಾಟಿದ ಮೇಲೂ ಸುಮ್ಮನಿರದೆ ಹೂವುಗಳ ಬಣ್ಣವನ್ನೂ, ಕಣ್ಣು ಬಣ್ಣವನ್ನು ಹೇಗೆ ಅರಿಯುತ್ತದೆಂಬುದನ್ನೂ ಅಭ್ಯಾಸ ಮಾಡಿ 1968ರಲ್ಲಿ ದೃಷ್ಟಿಯ ವಿಚಾರವಾಗಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಕಣ್ಣಿನ ಬಗ್ಗೆ ಅವರು ಹೇಳಿದ್ದನ್ನೆಲ್ಲ ಮುಂದಿನವರು ಒಪ್ಪಲಿಲ್ಲ. ಆದರೆ ಗುಲಾಬಿ ಹೂವನ್ನು ಕೈಯಲ್ಲಿ ಹಿಡಿದು 'ಇದೇಕೆ ಕೆಂಪು?' ಎಂದು ಕೇಳುವ ಮನಸ್ಸು ಆ ವಯಸ್ಸಿನಲ್ಲೂ ಇತ್ತಲ್ಲ, ಅದು ದೊಡ್ಡದು.

ಇನ್ನು ದೇಹದ ಮಾತು. ಬಣ್ಣದ ಬೆಳಕು ನಿಜವಾಗಿ ಜೀವ ಉಳಿಸುವ ಒಂದು ಸಂದರ್ಭವನ್ನು ಎಲ್ಲ ತಾಯಂದಿರೂ ಗಮನವಿಟ್ಟು ಕೇಳಬೇಕು. ಅದು ಹುಟ್ಟಿದ ಮಗುವಿನ ಕಾಮಾಲೆ. ತೆಲುಗಿನಲ್ಲಿ ಪಚ್ಚಕಾಮೆರ್ಲು ಎನ್ನುತ್ತಾರೆ. ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ 60 ಮಕ್ಕಳಿಗೆ, ತಿಂಗಳು ತುಂಬದೆ ಹುಟ್ಟಿದವರಲ್ಲಿ ನೂರಕ್ಕೆ 80 ಮಕ್ಕಳಿಗೆ ಮೊದಲ ವಾರದಲ್ಲಿ ಮೈ ಸ್ವಲ್ಪ ಹಳದಿಯಾಗುತ್ತದೆ. ಹಳೆಯ ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ಪದಾರ್ಥ ಹುಟ್ಟುತ್ತದೆ. ಎಳೆಯ ಮಗುವಿನ ಪಿತ್ತಜನಕಾಂಗ ಇನ್ನೂ ಬಲಿತಿರುವುದಿಲ್ಲ, ಅದನ್ನು ಬೇಗ ಹೊರಹಾಕಲಾರದು. ಬಹಳ ಮಕ್ಕಳಿಗೆ ತಾನಾಗಿಯೇ ವಾಸಿಯಾಗುತ್ತದೆ. ಆದರೆ ಅಳತೆ ಮೀರಿ ಏರಿದರೆ ಆ ಪದಾರ್ಥ ಮಿದುಳಿಗೆ ಇಳಿದು ಮಗು ಕಿವುಡಾಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು, ಪ್ರಾಣವೇ ಹೋಗಬಹುದು.

ಇದಕ್ಕೆ ಮದ್ದು ಸಿಕ್ಕ ಕಥೆ ಸ್ವಾರಸ್ಯವಾದದ್ದು. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಕ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ನರ್ಸಮ್ಮ ಇದ್ದರು. ಎಳೆಯ ಮಕ್ಕಳಿಗೆ ಗಾಳಿ ಬಿಸಿಲು ಒಳ್ಳೆಯದೆಂದು ಅವರನ್ನು ಅಂಗಳಕ್ಕೆ ಎತ್ತಿಕೊಂಡು ಹೋಗುತ್ತಿದ್ದರು. 1956ರ ಬೇಸಿಗೆಯಲ್ಲಿ ಒಂದು ದಿನ ಅವರು ವೈದ್ಯರಿಗೆ ಒಂದು ಮಗುವನ್ನು ತೋರಿಸಿದರು. ಮೈಯೆಲ್ಲ ಬಿಳುಪಾಗಿತ್ತು, ಬಟ್ಟೆಯ ಮೂಲೆ ಮುಚ್ಚಿದ್ದ ಮುಕ್ಕೋನದಷ್ಟು ಜಾಗ ಮಾತ್ರ ಗಾಢ ಹಳದಿಯಾಗಿ ಉಳಿದಿತ್ತು. ಅದೇ ಆಸ್ಪತ್ರೆಯಲ್ಲಿ ಕಿಟಕಿಯ ಬಿಸಿಲಿನಲ್ಲಿ ಮರೆತು ಇಟ್ಟ ರಕ್ತದ ಕೊಳವೆಯಲ್ಲೂ ಹಳದಿ ಪದಾರ್ಥ ಇಳಿದುಹೋಗಿದ್ದು ಕಂಡುಬಂತು. ಕ್ರೆಮರ್ ಎಂಬ ವೈದ್ಯರೂ ಅವರ ಸಂಗಡಿಗರೂ ಪರೀಕ್ಷೆ ಮಾಡಿ 1958ರಲ್ಲಿ ಪ್ರಕಟಿಸಿದರು. ಕೆಲಸ ಮಾಡುವುದು ಮುಖ್ಯವಾಗಿ ನೀಲಿ ಬೆಳಕು. ಚರ್ಮದಲ್ಲಿರುವ ಹಳದಿ ಪದಾರ್ಥವನ್ನು ಅದು ನೀರಿನಲ್ಲಿ ಕರಗುವ ರೂಪಕ್ಕೆ ತಿರುಗಿಸುತ್ತದೆ. ಆಗ ಅದು ಪಿತ್ತದಲ್ಲೂ ಮೂತ್ರದಲ್ಲೂ ಹೊರಟುಹೋಗುತ್ತದೆ. ಇಂದು ದೊಡ್ಡ ಆಸ್ಪತ್ರೆಗಳ ನವಜಾತ ಶಿಶು ವಿಭಾಗದಲ್ಲಿ ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಬೆಳಕಿನ ಕೆಳಗೆ ಮಲಗಿಸುವುದು ಇದಕ್ಕಾಗಿಯೇ.

ಇಷ್ಟು ಕೇಳಿ, 'ಹಾಗಾದರೆ ಮನೆಯಲ್ಲೇ ನೀಲಿ ಬಲ್ಬು ಹಾಕೋಣ, ಬಿಸಿಲಿಗೆ ಮಲಗಿಸೋಣ' ಎಂದು ಯಾರೂ ತಿಳಿಯಬಾರದು. ಅಂಗಡಿಯ ನೀಲಿ ಬಲ್ಬಿಗೂ ಆಸ್ಪತ್ರೆಯ ದೀಪಕ್ಕೂ ಹೋಲಿಕೆಯಿಲ್ಲ. ಅನಂತಪುರ ಸೀಮೆಯ ಬಿಸಿಲು ಎಳೆ ಚರ್ಮವನ್ನು ಸುಟ್ಟೀತು. ಎಷ್ಟು ಬೆಳಕು, ಎಷ್ಟು ಹೊತ್ತು ಎಂಬುದನ್ನು ರಕ್ತಪರೀಕ್ಷೆ ನೋಡಿಯೇ ಹೇಳಬೇಕು. ಹುಟ್ಟಿದ ಮೊದಲ ದಿನವೇ ಮಗು ಹಳದಿಯಾದರೆ, ಅಂಗೈ ಅಂಗಾಲು ಹಳದಿಯಾದರೆ, ಮಗು ಹಾಲು ಕುಡಿಯದೆ ಜೋಲುಬಿದ್ದರೆ ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಬೇಕು. ದೇವರಿಗೆ ಹರಕೆ ಕಟ್ಟಿಕೊಳ್ಳಿರಿ, ಬೇಡವೆನ್ನುವವರಿಲ್ಲ. ಆದರೆ ಹರಕೆಯ ಕಾಸನ್ನು ಸೆರಗಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿರಿ. ಬರೆ ಹಾಕಿಸುವುದು, ಬೇರಿನ ಸರ ಕಟ್ಟಿ ಕಾಯುವುದು ಬೇಡ. ಕಾಯುತ್ತ ಕಳೆದ ಎರಡು ದಿನವನ್ನು ಯಾವ ವೈದ್ಯರೂ ಹಿಂದಕ್ಕೆ ತಂದುಕೊಡಲಾರರು.

ಬಣ್ಣದ ಬೆಳಕಿನ ಹೆಸರಿನಲ್ಲಿ ನಿಜವೂ ಇದೆ, ಸುಳ್ಳೂ ಇದೆ. ಕೆಲವೊಮ್ಮೆ ಎರಡೂ ಒಬ್ಬರಲ್ಲೇ ಇರುತ್ತವೆ. ಡೆನ್ಮಾರ್ಕ್ ದೇಶದ ನೀಲ್ಸ್ ಫಿನ್ಸೆನ್ ಎಂಬ ವೈದ್ಯರು ಚರ್ಮದ ಕ್ಷಯರೋಗವನ್ನು ಬೆಳಕಿನ ಕಿರಣಗಳಿಂದ ಗುಣಪಡಿಸಿ 1903ರಲ್ಲಿ ನೊಬೆಲ್ ಬಹುಮಾನ ಪಡೆದರು. ಅದೇ ಫಿನ್ಸೆನ್ ಸಿಡುಬು ಬಂದವರನ್ನು ಕೆಂಪು ಪರದೆ ಹಾಕಿದ ಕೋಣೆಯಲ್ಲಿ ಇಡಬೇಕೆಂದೂ ಹೇಳಿದ್ದರು. ಆ ಮಾತು ಮುಂದೆ ನಿಲ್ಲಲಿಲ್ಲ. ಸಿಡುಬನ್ನು ಓಡಿಸಿದ್ದು ಕೆಂಪು ಪರದೆಯಲ್ಲ, ಲಸಿಕೆ. ಭಾರತದಲ್ಲಿ 1975ರಲ್ಲಿ ಅದು ಕೊನೆಯಾಯಿತು, 1980ರಲ್ಲಿ ಲೋಕವೇ ಅದರಿಂದ ಬಿಡುಗಡೆಯಾಯಿತೆಂದು ಸಾರಲಾಯಿತು.

ಇನ್ನೊಂದು ಉದಾಹರಣೆ. ಬೊಂಬಾಯಿಯಲ್ಲಿ 1873ರಲ್ಲಿ ಹುಟ್ಟಿದ ದಿನ್‌ಶಾ ಘಡಿಯಾಳಿ ಎಂಬ ಪಾರಸಿಯೊಬ್ಬರು ಅಮೆರಿಕಕ್ಕೆ ಹೋಗಿ ಒಂದು ಪೆಟ್ಟಿಗೆ ಮಾಡಿದರು. ಒಳಗೆ ಬಲ್ಬು, ಮುಂದೆ ಬಣ್ಣದ ಗಾಜು. ಈ ರೋಗಕ್ಕೆ ಈ ಬಣ್ಣ, ಆ ರೋಗಕ್ಕೆ ಆ ಬಣ್ಣವೆಂದು ಸಾವಿರಾರು ಪೆಟ್ಟಿಗೆಗಳು ಮಾರಾಟವಾದವು. ಕೊನೆಗೆ 1947ರಲ್ಲಿ ಅಲ್ಲಿನ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ನಮ್ಮ ಕಡೆಯಲ್ಲಿಯೂ ಬಣ್ಣದ ಬಾಟಲಿಯಲ್ಲಿ ನೀರು ತುಂಬಿ ಬಿಸಿಲಿಗಿಟ್ಟು ಕುಡಿಯುವವರು ಇದ್ದಾರೆ. ಶುದ್ಧವಾದ ನೀರಾದರೆ ಕುಡಿಯುವುದರಿಂದ ಹಾನಿಯಿಲ್ಲ. ಆದರೆ ಅದನ್ನು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತದೊತ್ತಡದ ಮಾತ್ರೆ ಬಿಟ್ಟರೆ ಹಾನಿಯೇ. ಅಂಗಡಿಗೆ ಬಂದ ರೂಪಾಯಿಯನ್ನೂ ತಿರುಗಿಸಿ ನೋಡಿಯೇ ಗಲ್ಲಕ್ಕೆ ಹಾಕುವ ಜನ, ಆರೋಗ್ಯದ ಮಾತನ್ನೂ ಹಾಗೆಯೇ ತಿರುಗಿಸಿ ನೋಡಬೇಕು.

ಈಗ ಬುದ್ಧಿ, ನಿದ್ರೆ, ಓದು ಇವುಗಳ ವಿಚಾರ. ಕಣ್ಣಿನಲ್ಲಿ ನೋಡುವ ಕಣಗಳು ಎರಡು ಬಗೆ ಎಂದು ಶಾಲೆಯಲ್ಲಿ ಕಲಿತ ನೆನಪು ಎಲ್ಲರಿಗೂ ಇದ್ದೀತು. ಒಂದು ಬಗೆ ಬಣ್ಣ ನೋಡುವುದಕ್ಕೆ, ಇನ್ನೊಂದು ಕತ್ತಲಲ್ಲಿ ನೋಡುವುದಕ್ಕೆ. ಆದರೆ 1995ರಲ್ಲಿ ಅಮೆರಿಕದ ವೈದ್ಯರು ಒಂದು ಆಶ್ಚರ್ಯ ಕಂಡರು. ಏನೂ ಕಾಣದ ಕೆಲವು ಅಂಧರ ಕಣ್ಣಿಗೆ ಪ್ರಖರ ಬೆಳಕು ಬಿಟ್ಟಾಗ, ಅವರಿಗೆ ಅದು ತಿಳಿಯದಿದ್ದರೂ, ಅವರ ದೇಹಕ್ಕೆ ತಿಳಿಯಿತು. ರಾತ್ರಿ ಸುರಿಯುವ ಮೆಲಟೋನಿನ್ ಎಂಬ ರಸ ರಕ್ತದಲ್ಲಿ ಇಳಿಯಿತು. ಅಂದಮೇಲೆ ಕಣ್ಣಿನಲ್ಲಿ ಮೂರನೆಯದೊಂದು ಬಗೆ ಇರಲೇಬೇಕು. 2002ರಲ್ಲಿ ಅದು ಖಚಿತವಾಯಿತು. ಅಕ್ಷಿಪಟಲದಲ್ಲಿ ಮೆಲನಾಪ್ಸಿನ್ ಎಂಬ ಪದಾರ್ಥವಿರುವ ಕೆಲವು ಕಣಗಳಿವೆ. ಚಿತ್ರ ನೋಡುವುದು ಅವುಗಳ ಮುಖ್ಯ ಕೆಲಸವಲ್ಲ. ಹಗಲೋ ರಾತ್ರಿಯೋ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವುದೇ ಅವುಗಳ ಕೆಲಸ. ಅವು ಹೆಚ್ಚಾಗಿ ಎಚ್ಚರಗೊಳ್ಳುವುದು ನೀಲಿ ಬೆಳಕಿಗೆ. ಹಗಲಿನ ಆಕಾಶ ನೀಲಿಯಲ್ಲವೇ? ನೀಲಿ ಕಂಡರೆ ದೇಹ 'ಹಗಲು' ಎಂದು ತಿಳಿಯುತ್ತದೆ. ಕೆಂಪು, ಕಿತ್ತಳೆ ಬೆಳಕು ಮಂದವಾಗಿದ್ದರೆ 'ಸಂಜೆಯಾಯಿತು, ಮಲಗುವ ಹೊತ್ತು' ಎಂದು ತಿಳಿಯುತ್ತದೆ.

2006ರಲ್ಲಿ ಬಾಸ್ಟನ್ ನಗರದಲ್ಲಿ ಪರೀಕ್ಷೆ ಮಾಡಿದರು. ರಾತ್ರಿ ಆರೂವರೆ ಗಂಟೆಗಳ ಕಾಲ ಕೆಲವರಿಗೆ ನೀಲಿ ಬೆಳಕು, ಕೆಲವರಿಗೆ ಹಸಿರು ಬೆಳಕು. ನೀಲಿ ಬೆಳಕಿನಲ್ಲಿದ್ದವರಿಗೆ ತೂಕಡಿಕೆ ಕಡಿಮೆ, ಚುರುಕು ಹೆಚ್ಚು. ಹಾಗಾದರೆ ಪರೀಕ್ಷೆಗೆ ಓದುವ ಮಕ್ಕಳಿಗೆ ರಾತ್ರಿಯೆಲ್ಲ ನೀಲಿ-ಬಿಳಿ ಬೆಳಕು ಒಳ್ಳೆಯದೇ? ಇಲ್ಲ. ರಾತ್ರಿಯ ಚುರುಕು ಸಾಲದ ದುಡ್ಡಿದ್ದಂತೆ, ಬೆಳಗ್ಗೆ ಬಡ್ಡಿ ಸಮೇತ ತೀರಿಸಬೇಕು. ಓದಿದ್ದು ಮನಸ್ಸಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲಿ. 2015ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ 12 ಮಂದಿ ಮಲಗುವ ಮೊದಲು ನಾಲ್ಕು ಗಂಟೆ ಹೊತ್ತು, ಐದು ರಾತ್ರಿ ಬೆಳಕಿನ ಪರದೆಯ ಮೇಲೆ ಪುಸ್ತಕ ಓದಿದರು. ಇನ್ನೈದು ರಾತ್ರಿ ಕಾಗದದ ಪುಸ್ತಕ ಓದಿದರು. ಪರದೆಯಲ್ಲಿ ಓದಿದಾಗ ನಿದ್ರೆ ಬರುವುದು ಸುಮಾರು ಹತ್ತು ನಿಮಿಷ ತಡ, ದೇಹದ ಗಡಿಯಾರ ಒಂದೂವರೆ ಗಂಟೆ ಹಿಂದೆ, ಬೆಳಗ್ಗೆ ಎದ್ದಾಗ ಮಂಕು ಹೆಚ್ಚು. ಮೊಬೈಲಿನಿಂದ ನಿದ್ರೆ ಕೆಡುವುದು ಅದರ ಬೆಳಕಿನಿಂದ ಮಾತ್ರವಲ್ಲ, ಅದರೊಳಗಿನ ಆಟದಿಂದಲೂ ಹೌದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ 2014ರಲ್ಲಿಯೇ ಮೊಬೈಲ್, ಇಂಟರ್‌ನೆಟ್ ಗೀಳು ಹಿಡಿದವರಿಗೆಂದು ಪ್ರತ್ಯೇಕ ಚಿಕಿತ್ಸಾಲಯ ತೆರೆಯಬೇಕಾಯಿತು.

ಗೋಡೆಯ ಬಣ್ಣದಿಂದ ಬುದ್ಧಿ ಹೆಚ್ಚುತ್ತದೆ, ಕೆಂಪು ನೋಡಿದರೆ ಗಮನ ಬರುತ್ತದೆ, ನೀಲಿ ನೋಡಿದರೆ ಹೊಸ ಯೋಚನೆ ಹುಟ್ಟುತ್ತದೆ ಎಂಬ ಮಾತುಗಳೂ ಇವೆ. 2009ರಲ್ಲಿ ಕೆನಡಾದ ಸಂಶೋಧಕರು ಹೀಗೆ ಹೇಳಿದ್ದು ಪತ್ರಿಕೆಗಳಲ್ಲಿ ಬಹಳ ಬಂತು. ಆದರೆ ಅದರ ಒಂದು ಭಾಗವನ್ನು ಬೇರೆಯವರು ಮತ್ತೆ ಮಾಡಿ ನೋಡಿದಾಗ ಅದೇ ಫಲ ಬರಲಿಲ್ಲ. ಆದ್ದರಿಂದ ಮಕ್ಕಳ ಕೋಣೆಗೆ ಬಣ್ಣ ಬಳಿಸುವುದಕ್ಕೆ ಸಾಲ ಮಾಡಬೇಡಿರಿ. ಬೆಳಗಿನ ಬೆಳಕು, ರಾತ್ರಿಯ ಕತ್ತಲೆ, ಹೊತ್ತಿಗೆ ಸರಿಯಾಗಿ ನಿದ್ರೆ, ಇವು ಮೂರು ಖರ್ಚಿಲ್ಲದೆ ಸಿಗುತ್ತವೆ. ಸೂರ್ಯೋದಯಕ್ಕೆ ಎದ್ದು, ಅಂಗಳದಲ್ಲಿ ನೀರು ಚಿಮುಕಿಸಿ, ಪೂರ್ವಕ್ಕೆ ಕೈಮುಗಿಯುವ ರೂಢಿ ಭಕ್ತಿಯಿಂದ ಬಂದದ್ದು. ಆ ಬೆಳಕು ದೇಹದ ಗಡಿಯಾರಕ್ಕೆ ಕೀಲಿ ಕೊಡುತ್ತದೆಂದು ಈಗ ವಿಜ್ಞಾನವೂ ಹೇಳುತ್ತದೆ. ಪೂರ್ವಿಕರಿಗೆ ಮೆಲಟೋನಿನ್ ಗೊತ್ತಿತ್ತೆಂದು ಹೇಳಬೇಕಾಗಿಲ್ಲ. ಅವರಿಗೆ ಗೊತ್ತಿದ್ದದ್ದು ಬದುಕು.

ಮನೆಗಳಿಗೆ ಈ ಹೊಸ ಬೆಳಕು ಬಂದದ್ದು ಹೇಗೆ? 1993ರಲ್ಲಿ ಜಪಾನಿನ ಶುಜಿ ನಕಮುರ ಪ್ರಖರವಾದ ನೀಲಿ ಎಲ್‌ಇಡಿ ಮಾಡಿದರು. ನೀಲಿ ಎಲ್‌ಇಡಿಗಾಗಿ ಅವರಿಗೂ ಅಕಸಾಕಿ, ಅಮಾನೊ ಎಂಬ ಇನ್ನಿಬ್ಬರಿಗೂ 2014ರಲ್ಲಿ ನೊಬೆಲ್ ಬಹುಮಾನ ಬಂತು. ಬಿಳಿ ಎಲ್‌ಇಡಿ ಬಲ್ಬಿನ ಹೊಟ್ಟೆಯಲ್ಲಿ ಇರುವುದು ಸಾಮಾನ್ಯವಾಗಿ ನೀಲಿ ದೀಪವೇ. ಅದರ ಮೇಲೆ ಹಳದಿ ಪುಡಿ ಲೇಪಿಸಿ ಬಿಳುಪು ಮಾಡುತ್ತಾರೆ. 2014ರ ಕೊನೆಯಲ್ಲಿ ಆಂಧ್ರಪ್ರದೇಶದ ನಾಲ್ಕು ಜಿಲ್ಲೆಗಳಲ್ಲಿ ಮನೆಮನೆಗೆ ಎಲ್‌ಇಡಿ ಬಲ್ಬು ಹಂಚುವ ಕೆಲಸ ಶುರುವಾದಾಗ ಅನಂತಪುರವೂ ಅವುಗಳಲ್ಲಿ ಒಂದು. ಕರೆಂಟು ಉಳಿಯಿತು, ಬಿಲ್ಲು ಇಳಿಯಿತು, ಒಳ್ಳೆಯದೇ ಆಯಿತು. ಆದರೆ ಬಲ್ಬು ಕೊಳ್ಳುವಾಗ ಡಬ್ಬಿಯ ಮೇಲಿನ ಅಂಕಿ ನೋಡಿರಿ. 6500 ಎಂದಿದ್ದರೆ ನೀಲಿ ಹೆಚ್ಚು, ಅದು ಅಂಗಡಿಗೆ, ಹಗಲಿನ ಕೆಲಸಕ್ಕೆ. 2700 ಅಥವಾ 3000 ಎಂದಿದ್ದರೆ ಹಳದಿ ಹೆಚ್ಚು, ಅದು ಮಲಗುವ ಕೋಣೆಗೆ, ದೇವರ ಮನೆಗೆ. ಎಣ್ಣೆದೀಪದ ಬೆಳಕು ಈ ಲೆಕ್ಕದಲ್ಲಿ ಸುಮಾರು 1900. ಮಲಗುವ ಕೋಣೆಯ ಜೀರೋ ಬಲ್ಬು ಬಹಳ ಮಂದವಾದದ್ದು, ಅದರಿಂದ ದೊಡ್ಡ ತೊಂದರೆಯಿಲ್ಲ. ಆದರೂ ಮುಂದಿನ ಸಲ ಕೊಳ್ಳುವಾಗ ನೀಲಿಯ ಬದಲು ಕೆಂಪು ಕೇಳಿರಿ, ಬೆಲೆ ಒಂದೇ.

ಕೊನೆಯದಾಗಿ ಮಿನುಗುವ ದೀಪ ಮತ್ತು ಲೇಸರ್. ಜಪಾನಿನಲ್ಲಿ 1997ರ ಡಿಸೆಂಬರ್ 16ರ ಸಂಜೆ ಮಕ್ಕಳ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಕೆಂಪು-ನೀಲಿ ಬೆಳಕು ಸೆಕೆಂಡಿಗೆ 12 ಸಲ ಮಿನುಗಿತು, ಅದೂ ನಾಲ್ಕೈದು ಸೆಕೆಂಡು ಮಾತ್ರ. ಸುಮಾರು 685 ಮಕ್ಕಳನ್ನು ಆಸ್ಪತ್ರೆಗೆ ಒಯ್ದರು. ಎಷ್ಟೋ ಮಕ್ಕಳಿಗೆ ಫಿಟ್ಸ್ ಬಂದಿತ್ತು. ಅಪಸ್ಮಾರ ಇರುವವರಲ್ಲಿ ನೂರಕ್ಕೆ ಮೂವರಷ್ಟು ಜನರಿಗೆ ಮಿನುಗುವ ಬೆಳಕೇ ಫಿಟ್ಸ್ ತರಿಸಬಹುದು. ಹೊರಗಿನ ಒಂದು ಕಾರಣದಿಂದ ಹೀಗೆ ಬರುವುದು ಹೊಸದಲ್ಲ. ದಕ್ಷಿಣ ಕರ್ನಾಟಕದಲ್ಲಿ ತಲೆಗೆ ಬಿಸಿನೀರು ಸುರಿದುಕೊಂಡಾಗ ಫಿಟ್ಸ್ ಬರುವವರನ್ನು ನಿಮ್ಹಾನ್ಸ್ ವೈದ್ಯರು ಬಹಳ ಅಭ್ಯಾಸ ಮಾಡಿದ್ದಾರೆ. ತನಗೆ ಹೀಗಾಗುತ್ತದೆಂದು ಮಗುವಿಗೆ ಮೊದಲು ತಿಳಿದಿರುವುದಿಲ್ಲ. ತೇರಿನ ಜನಜಂಗುಳಿಯಲ್ಲಿ, ಅಪ್ಪನ ಹೆಗಲ ಮೇಲೆ ಕುಳಿತಿರುವಾಗ ಅದು ತಿಳಿಯುವುದು ಬೇಡ. ಲೇಸರ್ ಇನ್ನೂ ಕೆಟ್ಟದ್ದು. 2022 ಮತ್ತು 2023ರ ಗಣೇಶ ಮೆರವಣಿಗೆಗಳಲ್ಲಿ ಮಹಾರಾಷ್ಟ್ರದ ಕೆಲವು ಊರುಗಳಲ್ಲಿ ಲೇಸರ್ ನೇರವಾಗಿ ಕಣ್ಣಿಗೆ ಬಿದ್ದು ಯುವಕರ ಅಕ್ಷಿಪಟಲದಲ್ಲಿ ರಕ್ತ ಸೋರಿತೆಂದು ಕಣ್ಣಿನ ವೈದ್ಯರು ತಿಳಿಸಿದರು. ದೇವರನ್ನು ನೋಡಲು ಬಂದವರು ದೃಷ್ಟಿ ಕಳೆದುಕೊಂಡು ಹೋಗಬಾರದು. ಕಣ್ಣು ಕೊಟ್ಟ ವಿರೂಪಣ್ಣನ ಕಥೆ ಲೇಪಾಕ್ಷಿಯಲ್ಲಿ ಒಂದಿದೆ, ಅದೇ ಸಾಕು.

ಆದ್ದರಿಂದ ಉತ್ಸವ ಸಮಿತಿಯ ಸದಸ್ಯರಲ್ಲಿಯೂ ಭಕ್ತರಲ್ಲಿಯೂ ವಿನಂತಿ ಇಷ್ಟು. ಬಣ್ಣದ ದೀಪಗಳು ಇರಲಿ, ಬೀದಿ ಸಿಂಗಾರಗೊಳ್ಳಲಿ, ಆದರೆ ಅವು ಸ್ಥಿರವಾಗಿ ಉರಿಯಲಿ. ಮೆರವಣಿಗೆಯಲ್ಲಿ ಮಿನುಗು ದೀಪ, ಲೇಸರ್ ಬೇಡ. ಗರ್ಭಗುಡಿಯಲ್ಲಿಯೂ ಪ್ರಾಕಾರದಲ್ಲಿಯೂ ಎಣ್ಣೆದೀಪ, ಅದರ ಬಣ್ಣಕ್ಕೆ ಹತ್ತಿರವಾದ ಬಲ್ಬು ಇರಲಿ. ರಾತ್ರಿಯ ಮಂಗಳಾರತಿ ಮುಗಿದ ಮೇಲೆ ಸಿಂಗಾರದ ದೀಪಗಳನ್ನು ಆರಿಸಿ, ದಾರಿ ಕಾಣುವಷ್ಟು ದೀಪ ಮಾತ್ರ ಬಿಡೋಣ. ಗುಡಿಯ ಬೀದಿಯ ಮನೆಗಳಲ್ಲಿ ಬಾಣಂತಿಯರಿದ್ದಾರೆ, ಕಾಯಿಲೆಯ ವೃದ್ಧರಿದ್ದಾರೆ, ಹತ್ತನೇ ತರಗತಿಯ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಅವರ ನಿದ್ರೆಯೂ ಸ್ವಾಮಿಯ ಸೇವೆಯೇ. ಉಳಿದ ಕರೆಂಟಿನ ದುಡ್ಡು ಅನ್ನದಾನಕ್ಕೆ ಸೇರಲಿ.

ಯುವಕರು ಬೇಸರ ಮಾಡಿಕೊಳ್ಳಬಾರದು. ಬೀದಿ ಸಿಂಗರಿಸುವ ಹೊಣೆ ಅವರದೇ ಆಗಲಿ, ಯಾವ ಬಣ್ಣ ಎಲ್ಲಿ ಎಂದು ಅವರೇ ಆರಿಸಲಿ. ದೀಪ ಹಚ್ಚುವ ಕೈಯೂ ಬೇಕು, ಹೊತ್ತಿಗೆ ಸರಿಯಾಗಿ ಆರಿಸುವ ಕೈಯೂ ಬೇಕು.

ಎಲ್ಲರಿಗೂ ಸ್ವಾಮಿ ಒಳ್ಳೆಯ ಕಣ್ಣು, ಒಳ್ಳೆಯ ನಿದ್ರೆ, ಒಳ್ಳೆಯ ಬುದ್ಧಿ ಕೊಡಲಿ.